ಸಕ್ಕರೆಯ ಮಾತು

ಸಂಕ್ರಾಂತಿಯ ಸಂಜೆ ಎಳ್ಳು ಬೀರಲು ಬರುವ ಮಕ್ಕಳ ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆಗಳ ಜೊತೆಗೆ ಒಂದೆರಡು ಸಕ್ಕರೆ ಅಚ್ಚುಗಳೂ ಇರುತ್ತವೆ. ಗಿಳಿಯೋ ಆನೆಯೋ ತುಳಸಿಯ ಬೃಂದಾವನವೋ ಆದ ಆ ಅಚ್ಚನ್ನು ಮಗುವೊಂದು ಬಾಯಿಗಿಟ್ಟು ಕಡಿದಾಗ ಕರಕರ ಎಂದು ಸದ್ದಾಗುತ್ತದೆ. ಊಟದಲ್ಲಿ ಕಲ್ಲು ಸಿಕ್ಕಿದಾಗ ಆಗುವ ಸದ್ದೇ ಅದು. ಅನ್ನದಲ್ಲಿ ಕಲ್ಲು ಸಿಕ್ಕಿದರೆ ಯಜಮಾನರ ಹುಬ್ಬು ಗಂಟಿಕ್ಕುತ್ತದೆ, ಸಕ್ಕರೆ ಕರಕರ ಎಂದರೆ ಮಗುವಿನ ಮುಖ ಅರಳುತ್ತದೆ. ಆದರೆ ಹೆಸರಿಟ್ಟ ಹಿರಿಯರು ಈ ಎರಡಕ್ಕೂ ಒಂದೇ ಶಬ್ದ ಸಾಕೆಂದು ಬಗೆದರು.

ಸಂಸ್ಕೃತದಲ್ಲಿ 'ಶರ್ಕರಾ' ಎಂದರೆ ಮೊದಲು ಸಿಹಿಯಲ್ಲ, ನೊರಜುಗಲ್ಲು. ಅಥರ್ವವೇದದಲ್ಲಿ ಮರಳು, ಕಲ್ಲುಗಳ ಸಾಲಿನಲ್ಲಿ ಈ ಮಾತು ಬಂದಿದೆ. ಅಗ್ನಿಯನ್ನು ಪ್ರತಿಷ್ಠಾಪಿಸುವ ಮುನ್ನ ಆ ನೆಲದ ಮೇಲೆ ತಂದು ಹಾಕಬೇಕಾದ ವಸ್ತುಗಳಲ್ಲಿ ಶತಪಥ ಬ್ರಾಹ್ಮಣವು ನೀರು, ಬಂಗಾರ, ಉಪ್ಪುಮಣ್ಣುಗಳ ಜೊತೆಗೆ ಶರ್ಕರೆಯನ್ನೂ ಹೇಳುತ್ತದೆ. ಅದು ಹರಳುಗಲ್ಲೇ ಹೊರತು ಸಕ್ಕರೆಯಲ್ಲ. ಪಾಣಿನಿಯಂತೂ 'ಸಿಕತಾ' ಎಂಬ ಮರಳನ್ನೂ 'ಶರ್ಕರಾ' ಎಂಬ ನೊರಜನ್ನೂ ಒಂದೇ ಸೂತ್ರದಲ್ಲಿ ಅಕ್ಕಪಕ್ಕ ಕೂರಿಸಿದ್ದಾನೆ. ಕಲ್ಲುಮಣ್ಣಿನ ಭೂಮಿಗೆ 'ಶರ್ಕರಿಲ' ಎಂಬ ಹೆಸರು ಹೇಗೆ ಬರುತ್ತದೆಂಬುದು ಅಲ್ಲಿ ಅವನ ವಿಚಾರ. ಅಮರಸಿಂಹನ ಕಾಲಕ್ಕೆ ಅರ್ಥ ಎರಡಾಗಿತ್ತು. ಅಮರಕೋಶದ ಭೂಮಿವರ್ಗದಲ್ಲಿ ಶರ್ಕರೆ ನೆಲದ ಕಲ್ಲಾಗಿದ್ದರೆ, ವೈಶ್ಯವರ್ಗದಲ್ಲಿ ಅದೇ ಶಬ್ದ ಅಂಗಡಿಯ ತಕ್ಕಡಿಯನ್ನೇರಿದೆ. ಸುಶ್ರುತನೋ, ಮೂತ್ರಕೋಶದಲ್ಲಿ ಕಟ್ಟುವ ಕಲ್ಲಿನ ಪುಡಿಯನ್ನೂ ಶರ್ಕರೆಯೆಂದೇ ಕರೆದ. ಇಂದು 'ಸಕ್ಕರೆ ಕಾಯಿಲೆ' ಎಂದರೆ ನಮಗೆ ತೋರುವ ರೋಗವೇ ಬೇರೆ. ಆದುದರಿಂದ ಹಳೆಯ ವೈದ್ಯಗ್ರಂಥಗಳನ್ನು ಓದುವವರು ಈ ಶಬ್ದದ ಮುಂದೆ ಕೊಂಚ ನಿಂತು ಮುಂದುವರಿಯುವುದು ಕ್ಷೇಮ.

ಕಲ್ಲಿನ ಹೆಸರು ಸಿಹಿಗೆ ಏಕೆ ಬಂತು? ಇದಕ್ಕೆ ಉತ್ತರ ವ್ಯಾಕರಣದಲ್ಲಿಲ್ಲ, ಕೊಪ್ಪರಿಗೆಯಲ್ಲಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಅಧಿಕಾರಿ ಸಂಗ್ರಹಿಸಿಡಬೇಕಾದ ಸಿಹಿಗಳ ಪಟ್ಟಿಯೊಂದಿದೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಫಾಣಿತವೆಂದರೆ ಮಲೆನಾಡಿನವರ ಜೋನಿಬೆಲ್ಲದಂಥ ಗಟ್ಟಿ ಪಾಕ. ಗುಡ ಎಂದರೆ ಉಂಡೆ, ಅಂದರೆ ನಮ್ಮ ಬೆಲ್ಲ. ಮತ್ಸ್ಯಂಡಿಕೆ ಎಂಬ ಹೆಸರಿನಲ್ಲಿ ಮೀನಿನ ಮೊಟ್ಟೆ ಅಡಗಿದೆ. ಪಾಕದೊಳಗೆ ಸಣ್ಣ ಸಣ್ಣ ಹರಳು ಕಟ್ಟಿರುವುದನ್ನು ಕಂಡವನು ಇಟ್ಟ ಹೆಸರು ಅದು. ಖಂಡವೆಂದರೆ ತುಂಡು. ಇವನ್ನೆಲ್ಲ ದಾಟಿ, ಕಾಕಂಬಿ ಬಸಿದುಹೋಗಿ ಉಳಿದ ಬಿಳಿಯ ಹರಳೇ ಶರ್ಕರೆ. ಮತ್ಸ್ಯಂಡಿಕೆಗಿಂತ ಖಂಡ, ಖಂಡಕ್ಕಿಂತ ಶರ್ಕರೆ ಹೆಚ್ಚು ನಿರ್ಮಲವೆಂದು ಚರಕಸಂಹಿತೆಯೂ ಹೇಳುತ್ತದೆ. ಮೀನಿನ ಮೊಟ್ಟೆ, ತುಂಡು, ನೊರಜುಗಲ್ಲು—ಈ ಹೆಸರುಗಳಲ್ಲಿ ಒಂದೂ ಪಂಡಿತನು ಮನೆಯಲ್ಲಿ ಕುಳಿತು ಕಟ್ಟಿದ್ದಲ್ಲ. ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತ, ಸೌಟನ್ನೆತ್ತಿ ನೋಡಿದವನ ಬಾಯಿಂದ ಬಂದದ್ದು.

ಇದು ನನಗೆ ಗ್ರಂಥದಿಂದ ತಿಳಿಯಲಿಲ್ಲ. ತಿಳಿಸಿದವರು ಒಬ್ಬ ವೃದ್ಧರು. ಅದಕ್ಕೆ ಕಾರಣವಾದದ್ದು ನನ್ನದೇ ಒಂದು ಕೆಂಪುಗೆರೆ.

ಬಹಳ ವರ್ಷಗಳ ಹಿಂದಿನ ಮಾತು. ಆಲೆಮನೆಗಳ ಸೀಮೆಯ ಒಂದು ಊರಿನಲ್ಲಿ ಕನ್ನಡ ಪಂಡಿತನಾಗಿ ಸೇರಿದ ಹೊಸತು. ಹುಡುಗನೊಬ್ಬ ತನ್ನೂರಿನ ಹಬ್ಬದ ಮೇಲೆ ಪ್ರಬಂಧ ಬರೆದಿದ್ದ; ಅದರಲ್ಲಿ ಐದಾರು ಕಡೆ 'ಸಕ್ರೆ' ಎಂದಿತ್ತು. ನನಗಾಗ ವಯಸ್ಸಿನ ಬಿಸಿ, ಹೊಸ ವಿದ್ವತ್ತಿನ ಬಿಸಿ. ಐದಾರು ಕಡೆಯೂ ಗೆರೆ ಹೊಡೆದು ಅಂಚಿನಲ್ಲಿ 'ಶರ್ಕರೆ' ಎಂದು ಬರೆದೆ. 'ಸಕ್ಕರೆ' ಎಂದು ತಿದ್ದಿದ್ದರೆ ನ್ಯಾಯವಾಗುತ್ತಿತ್ತು, ಅದೂ ಮಾಡಲಿಲ್ಲ. ತರಗತಿಯಲ್ಲಿ ಆ ವಾಕ್ಯಗಳನ್ನು ಓದಿ ನಗಿಸಿದೆ ಕೂಡ. ಹುಡುಗ ತಲೆ ತಗ್ಗಿಸಿದ. ಆ ವಾರವೆಲ್ಲ ಅವನು ನನ್ನ ಪಾಠದಲ್ಲಿ ಬಾಯಿ ಬಿಡಲಿಲ್ಲ.

ಮುಂದಿನ ಭಾನುವಾರ ಅವನ ಅಜ್ಜ ಪೇಟೆಗೆ ಬಂದವರು ದಾರಿಯಲ್ಲಿ ನನ್ನನ್ನು ಕಂಡು, “ಮೇಷ್ಟ್ರೇ, ನಮ್ ಆಲೆಮನೆ ಕಡೀಕೆ ಒಂದ್ ದಿನ ಪಾದ ಬೆಳೆಸ್ಬೇಕು” ಎಂದು ಕೈಮುಗಿದರು. ಜಗಳಕ್ಕೆ ಕರೆದರೇನೋ ಎಂದು ಶಂಕಿಸುತ್ತಲೇ ಹೋದೆ. ಆದರೆ ಅವರು ನೋಟುಪುಸ್ತಕದ ಸುದ್ದಿಯನ್ನೇ ಎತ್ತಲಿಲ್ಲ. ಕಬ್ಬಿನ ಹಾಲು ಕುಡಿಸಿದರು. ಕೊಪ್ಪರಿಗೆಯ ಬಳಿ ನಿಲ್ಲಿಸಿ ಪಾಕದ ಹದ ತೋರಿಸಿದರು. ಬಳಿಕ ಹಿಂದಿನ ದಿನದ ಒಂದು ಉಂಡೆಯನ್ನು ಒಡೆದು ಒಳಭಾಗವನ್ನು ಬಿಸಿಲಿಗೆ ಹಿಡಿದು, “ನೋಡಿ ಸ್ವಾಮಿ, ಒಳಗೆಲ್ಲ ಹೆಂಗೆ ಮರಳ್ ಮರಳಾಗದೆ! ಹಿಂಗಿದ್ರೆ ಒಳ್ಳೆ ಬೆಲ್ಲ” ಎಂದರು. ಆ ಕಂದುಬಣ್ಣದಲ್ಲಿ ಸಣ್ಣ ಹರಳುಗಳು ಮಿರುಗುತ್ತಿದ್ದವು. “ಮರಳು ಅಂತಲೇ ಅನ್ನುತ್ತೀರಾ, ಗೌಡರೆ?” ಎಂದೆ. “ಇನ್ನೇನನ್ನದು? ಮರಳಲ್ವಾ ಅದು?” ಎಂದು ನಕ್ಕುಬಿಟ್ಟರು. ಸಂಸ್ಕೃತದ ಗಂಧವಿಲ್ಲದ ಆ ಹಿರಿಯರು, ಸಾವಿರಾರು ವರ್ಷ ಹಿಂದೆ ಯಾರೋ ಕಬ್ಬಿನ ಕೆಲಸದವನು ಆಡಿದ ಮಾತನ್ನು ತಮ್ಮಷ್ಟಕ್ಕೆ ತಾವೇ ಮತ್ತೊಮ್ಮೆ ಆಡಿದ್ದರು. ನಾನು ಶರ್ಕರೆಯ ಅಕ್ಷರವನ್ನು ಕಾಯುತ್ತಿದ್ದೆ; ಅರ್ಥ ಅವರ ಅಂಗೈಯಲ್ಲಿತ್ತು.

ಆಗಿನ ನನ್ನ ಮನೋಭಾವಕ್ಕೆ ಹಿನ್ನೆಲೆಯೊಂದಿದೆ. ಶಬ್ದಮಣಿದರ್ಪಣವನ್ನು ಕ್ರಮವಾಗಿ ಓದಿದವರಿಗೆ ಕೇಶಿರಾಜನ ಅಪಭ್ರಂಶ ಪ್ರಕರಣದ ನೆನಪಿರುತ್ತದೆ. ಸಂಸ್ಕೃತ ಶಬ್ದಗಳು ಕನ್ನಡಕ್ಕೆ ಬರುವಾಗ ಯಾವ ಅಕ್ಷರ ಏನಾಗುತ್ತದೆಂದು ಆತ 13ನೆಯ ಶತಮಾನದಲ್ಲಿಯೇ ಲೆಕ್ಕವಿಟ್ಟಂತೆ ಹೇಳಿದ. ಶಕಾರ ಸಕಾರವಾಗುತ್ತದೆ: ಶಶಿ ಸಸಿಯಾದಂತೆ. ರೇಫೆ ಅಡಗಿ ಮುಂದಿನ ವ್ಯಂಜನ ಇಮ್ಮಡಿಸುತ್ತದೆ: ಅರ್ಕ ಎಕ್ಕವಾದಂತೆ, ಕರ್ಕಶ ಕಕ್ಕಸವಾದಂತೆ. ಕೊನೆಯ ಆಕಾರ ಎಕಾರವಾಗುತ್ತದೆ: ಮಾಲಾ ಮಾಲೆಯಾದಂತೆ. ಹೀಗೆ ಶರ್ಕರಾ ಸಕ್ಕರೆ. ಕೇಶಿರಾಜನು ಇದನ್ನು ಹೀನವೆಂದು ಹೇಳಲಿಲ್ಲ, ಕವಿಗಳು ಬಳಸಲೆಂದೇ ನಿಯಮ ಬರೆದ. ಆದರೆ 'ಅಪಭ್ರಂಶ' ಎಂಬ ಹೆಸರಿನಲ್ಲಿಯೇ ಮೇಲಿನಿಂದ ಜಾರಿಬಿದ್ದದ್ದು ಎಂಬ ಧ್ವನಿ ಇದೆ. ಪತಂಜಲಿ ಮಹರ್ಷಿಯೂ ಶುದ್ಧಶಬ್ದ ಒಂದಾದರೆ ಅದರ ಅಪಭ್ರಂಶಗಳು ಹಲವೆಂದು, ಗೋಶಬ್ದವನ್ನು ಜನ ಎಷ್ಟು ಬಗೆಯಾಗಿ ಕೆಡಿಸಿ ಆಡುತ್ತಾರೆಂದು ಉದಾಹರಿಸಿದ್ದಾನೆ. ಅಂಥ ಪರಂಪರೆಯಲ್ಲಿ ಪಾಠವಾದ ನನಗೆ 'ಸಕ್ರೆ' ಬಿದ್ದದ್ದರಲ್ಲಿ ಮತ್ತೆ ಬಿದ್ದ ಮಾತಾಗಿ ಕಂಡಿತು.

ಆಲೆಮನೆಯಿಂದ ಬಂದ ಮೇಲೆ ಈ ಶಬ್ದದ ಬೆನ್ನು ಹತ್ತಿದೆ. ಹಿಂಬಾಲಿಸಿದಷ್ಟೂ ಒಂದು ಸಂಗತಿ ಸ್ಪಷ್ಟವಾಯಿತು: ದೇಶ ಸುತ್ತಿದ್ದು ನಮ್ಮ ಶುದ್ಧ 'ಶರ್ಕರಾ' ಅಲ್ಲ, ಜನರ ಬಾಯಲ್ಲಿ ಸವೆದ ಮಾತೇ ಸಮುದ್ರ ದಾಟಿತು.

ಅಲೆಗ್ಸಾಂಡರನ ನೌಕಾಪತಿ ನಿಯಾರ್ಕಸನು ಭಾರತದಲ್ಲಿ ಜೇನುನೊಣಗಳಿಲ್ಲದೆಯೇ ಜೇನು ಕೊಡುವ ಜೊಂಡನ್ನು ಕುರಿತು ಬರೆದಿದ್ದನೆಂದು ಸ್ಟ್ರಾಬೊ ತಿಳಿಸುತ್ತಾನೆ. ಆಗ ಗ್ರೀಕರ ಬಳಿ ಅದಕ್ಕೆ ಹೆಸರಿರಲಿಲ್ಲ. ಕ್ರಿಸ್ತಶಕ ಮೊದಲನೆಯ ಶತಮಾನದ ವೇಳೆಗೆ ಹೆಸರು ದೊರೆತಿತ್ತು. ಡಯೋಸ್ಕೊರಿಡೀಸ್ ಎಂಬ ಗ್ರೀಕ್ ವೈದ್ಯ 'ಸಾಕ್ಖರೋನ್' ಎಂಬ ಗಟ್ಟಿಜೇನು ಭಾರತದಲ್ಲಿಯೂ ಅರಬಸ್ತಾನದಲ್ಲಿಯೂ ದೊರೆಯುವುದೆಂದೂ, ಉಪ್ಪಿನಂತೆ ಹಲ್ಲಿಗೆ ಸಿಕ್ಕಿ ಪುಡಿಯಾಗುವುದೆಂದೂ ಬರೆದ. ರೋಮಿನ ಪ್ಲಿನಿ ಅದರ ಹೋಳು ದೊಡ್ಡದೆಂದರೆ ಒಂದು ಸಣ್ಣ ಕಾಯಿಯಷ್ಟಿರುತ್ತದೆ, ಔಷಧಿಗೆ ಮಾತ್ರ ಉಪಯೋಗ ಎಂದ. ಅದೇ ಕಾಲದ 'ಪೆರಿಪ್ಲಸ್' ಎಂಬ ಸಮುದ್ರಯಾನದ ಕೈಪಿಡಿಯಲ್ಲಿ ಭರುಕಚ್ಛದ ಕಡೆಯಿಂದ ಆಫ್ರಿಕದ ರೇವುಗಳಿಗೆ ಗೋಧಿ, ಅಕ್ಕಿ, ತುಪ್ಪ, ಎಳ್ಳೆಣ್ಣೆ, ಹತ್ತಿಬಟ್ಟೆಗಳ ಜೊತೆಗೆ 'ಸಾಕ್ಖರಿ' ಎಂಬ ಜೊಂಡಿನ ಜೇನೂ ಹೋಗುತ್ತಿದ್ದುದು ದಾಖಲಾಗಿದೆ.

ಈ ಗ್ರೀಕ್ ಶಬ್ದವನ್ನು ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಅದರಲ್ಲಿ ಶಕಾರವಿಲ್ಲ, ರೇಫೆಯಿಲ್ಲ. ನಡುವಿನ ಅಕ್ಷರ ಮಹಾಪ್ರಾಣ. ಪಾಳಿಯಲ್ಲಿ ಈ ಮಾತು 'ಸಕ್ಖರಾ', ಅಲ್ಲಿಯೂ ಅದಕ್ಕೆ ನೊರಜು, ಸಿಹಿ ಎಂದು ಎರಡೂ ಅರ್ಥ. ಮರಾಠಿಯ 'ಸಾಖರ' ಎಂಬುದರಲ್ಲಿ ಆ ಖಕಾರ ಇಂದಿಗೂ ಉಳಿದಿರುವುದನ್ನು ಬೆಳಗಾವಿ, ನಿಪ್ಪಾಣಿಯ ಕಡೆಯವರು ಬಲ್ಲರು. ಹಾಗಾದರೆ ಗ್ರೀಕ್ ನಾವಿಕನು ಈ ಹೆಸರನ್ನು ಪಾಠಶಾಲೆಯಲ್ಲಿ ಕಲಿಯಲಿಲ್ಲ, ರೇವಿನಲ್ಲಿ ಮೂಟೆ ಹೊರುವವನನ್ನೋ ತಕ್ಕಡಿ ಹಿಡಿದ ಶೆಟ್ಟಿಯನ್ನೋ “ಇದೇನಪ್ಪ?” ಎಂದು ಕೇಳಿ ಕಲಿತ. ಅವರು ತಮ್ಮ ಪ್ರಾಕೃತದಲ್ಲಿ ಹೇಳಿದ್ದು ಅವನ ಪುಸ್ತಕವನ್ನು ಸೇರಿತು. ನಮ್ಮ ಸಕ್ಕರೆ ಆ ಗ್ರೀಕ್ ಮಾತಿಗೆ ಒಡಹುಟ್ಟಿದ ತಂಗಿ. ಇಬ್ಬರಿಗೂ ತಾಯಿ ಪ್ರಾಕೃತ, ಸಂಸ್ಕೃತ ಅಜ್ಜಿಯ ಸ್ಥಾನದಲ್ಲಿದೆ. ಗ್ರೀಕಿನಿಂದ ಲ್ಯಾಟಿನ್ನಿನ 'ಸಕ್ಕರುಮ್', ರಷ್ಯನರ 'ಸಾಖರ್' ಬಂದವು. 1879ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಕಬ್ಬಿನ ಸಂಪರ್ಕವೇ ಇಲ್ಲದ ಒಂದು ಸಿಹಿಪದಾರ್ಥ ಹುಟ್ಟಿದಾಗ ಅದಕ್ಕೆ ಲ್ಯಾಟಿನ್ ಹೆಸರನ್ನೇ ಹಿಗ್ಗಿಸಿ 'ಸ್ಯಾಕರಿನ್' ಎಂದರು. ಸಕ್ಕರೆ ಬೇಡವೆಂದವರ ಚಹಾದೊಳಗೂ ಹೀಗೆ ಸಕ್ಕರೆಯ ಹೆಸರೇ ಕರಗಿತು!

ಇನ್ನೊಂದು ದಾರಿ ನೆಲದ ಮೇಲಿನದು. ಪಾರಸಿಯಲ್ಲಿ ಇದು 'ಶಕರ್'. ಇಲ್ಲಿ ಶಕಾರ ಉಳಿದಿದೆಯಲ್ಲ ಎಂದು ಯಾರಾದರೂ ಕೇಳಬಹುದು. ನಮ್ಮ ವಾಯವ್ಯ ಮೂಲೆಯ ಪ್ರಾಕೃತದಲ್ಲಿ ಶ, ಷ, ಸ ಮೂರೂ ಬೇರೆಬೇರೆಯಾಗಿ ಉಳಿದಿದ್ದವು. ಷಾಬಾಜ್‌ಗಢಿ, ಮಾನ್ಸೆಹ್ರಗಳ ಅಶೋಕನ ಶಾಸನಗಳು ಅದಕ್ಕೆ ಸಾಕ್ಷಿ. ಪಾರಸಿಕರಿಗೆ ಹತ್ತಿರದ ನೆರೆಯವರೂ ಆ ಜನವೇ. ಇಲ್ಲಿಯೂ ರೇಫೆ ಮಾತ್ರ ಉದುರಿಹೋಗಿದೆ ಎಂಬುದನ್ನು ಗಮನಿಸಬೇಕು. ಪಾರಸಿಕರಿಂದ ಅರಬರು ಪಡೆದು 'ಸುಕ್ಕರ್' ಎಂದರು. 7ನೆಯ ಶತಮಾನದ ಮುಂದೆ ಅರಬರ ರಾಜ್ಯ ಹಬ್ಬಿದ ಕಡೆಗೆಲ್ಲ ಕಬ್ಬೂ ಹೋಯಿತು: ಈಜಿಪ್ಟು, ಸಿಸಿಲಿ, ಸ್ಪೇನು. ಇಟಲಿಯವರು 'ಜುಕ್ಕೆರೊ' ಎಂದರೆ ಫ್ರೆಂಚರು 'ಸುಕ್ರ್' ಎಂದರು, ಜರ್ಮನರು 'ಟ್ಸುಕರ್', ಇಂಗ್ಲಿಷಿನವರು 'ಷುಗರ್'. ಸ್ಪೇನಿನವರದೊಂದು ತಮಾಷೆ. ಅರಬ್ಬಿಯಲ್ಲಿ ಶಬ್ದದ ಹಿಂದೆ ಬರುವ 'ಅಲ್' ಎಂಬುದನ್ನೂ ಶಬ್ದದ ಭಾಗವೆಂದೇ ತಿಳಿದು 'ಅಸೂಕರ್' ಎಂದು ಸೇರಿಸಿ ನುಂಗಿದರು. ಕೆಡಿಸಿ ಆಡುವುದು ನಮ್ಮ ಹಳ್ಳಿಯವರೊಬ್ಬರ ಹಕ್ಕೇನೂ ಅಲ್ಲ.

ಚೀನರು ಮಾಡಿದ ಕೆಲಸ ಬೇರೆ. ಟಾಂಗ್ ವಂಶದ ಸಾಮ್ರಾಟ ಟಾಯ್‌ಜಾಂಗನು 647ರಲ್ಲಿ ಮಗಧಕ್ಕೆ ಜನರನ್ನು ಕಳುಹಿಸಿ ಸಕ್ಕರೆ ಮಾಡುವ ವಿದ್ಯೆಯನ್ನು ತರಿಸಿಕೊಂಡನೆಂದು ಅವರ ಇತಿಹಾಸಗ್ರಂಥ ಹೇಳುತ್ತದೆ. ಗಟ್ಟಿ ಸಿಹಿಯನ್ನು ಅವರು 'ಕಲ್ಲುಜೇನು' ಎಂಬರ್ಥದ ಮಾತಿನಿಂದ ಕರೆದರು. ಇಂದು ಅವರ ಸಕ್ಕರೆಯ ಹೆಸರನ್ನು ಬಿಡಿಸಿದರೆ 'ಮರಳುಸಿಹಿ' ಎಂದಾಗುತ್ತದೆ. ಪಶ್ಚಿಮದವರು ಶಬ್ದವನ್ನು ಕೊಂಡು ಅರ್ಥವನ್ನು ಕಳೆದರು, ಚೀನರು ಶಬ್ದವನ್ನು ಬಿಟ್ಟು ಅರ್ಥವನ್ನು ಉಳಿಸಿಕೊಂಡಂತೆ ಕಾಣುತ್ತದೆ. ನಮ್ಮ ಗೌಡರು ಕೇಳಿದ್ದರೆ ಚೀನರ ಪಕ್ಷ ಹಿಡಿಯುತ್ತಿದ್ದರು.

ಇಷ್ಟು ಹೊತ್ತು ನಮ್ಮಿಂದ ಹೊರಗೆ ಹೋದ ಮಾತಿನ ಲೆಕ್ಕವಾಯಿತು. ನಾನೂ ಕೆಲವು ಕಾಲ ಇದನ್ನು ತರಗತಿಯಲ್ಲಿ ಹೆಮ್ಮೆಯಿಂದ ಹೇಳಿ ಅಲ್ಲಿಗೆ ನಿಲ್ಲಿಸುತ್ತಿದ್ದೆ. ಆದರೆ ವ್ಯಾಪಾರದಲ್ಲಿ ಜಮಾ ಇದ್ದಂತೆ ಖರ್ಚೂ ಉಂಟು. ಉತ್ತರದವರು ಬಿಳಿಯ ಸಕ್ಕರೆಗೆ 'ಚೀನೀ' ಎನ್ನುತ್ತಾರೆ, ಚೀನದ್ದು ಎಂದರ್ಥ. ನಮ್ಮಿಂದ ಕಲಿತವರು ಬಿಳಿ ಮಾಡುವ ಕುಶಲತೆಯನ್ನು ಬೆಳೆಸಿ ತಮ್ಮ ಹೆಸರಿನ ಸರಕಾಗಿ ಹಿಂದಿರುಗಿಸಿದರು. ಸಕ್ಕರೆಯ ಬೃಹತ್ ಇತಿಹಾಸವೊಂದನ್ನು ಬರೆದ ಚೀನದ ಸಂಸ್ಕೃತ ವಿದ್ವಾಂಸ ಜೀ ಶಿಯೆನ್‌ಲಿನ್ ಅವರ ಅಭಿಪ್ರಾಯವೂ ಇದೇ. ಕಲ್ಲುಸಕ್ಕರೆಗೆ ಉತ್ತರದಲ್ಲಿ 'ಮಿಸ್ರಿ' ಎಂಬ ಹೆಸರುಂಟು. ಇದನ್ನು 'ಮಿಶ್ರ' ಶಬ್ದದ ತದ್ಭವವೆಂದು, ಹಾಲಿನೊಡನೆ ಮಿಶ್ರಮಾಡುವುದರಿಂದ ಆ ಹೆಸರೆಂದು ನಾನೊಮ್ಮೆ ಧೈರ್ಯವಾಗಿ ಪಾಠ ಹೇಳಿದ್ದೆ. ಅದು ಶುದ್ಧ ತಪ್ಪು. 'ಮಿಸ್ರ್' ಎಂದರೆ ಅರಬ್ಬಿಯಲ್ಲಿ ಈಜಿಪ್ಟ್ ದೇಶ. ಅಲ್ಲಿನ ಸಕ್ಕರೆಯ ಕೀರ್ತಿ ಅಷ್ಟು ದೊಡ್ಡದಾಗಿತ್ತು. ಆ ಪಾಠ ಕೇಳಿದ ಹುಡುಗರು ಈಗ ಎಲ್ಲೆಲ್ಲಿದ್ದಾರೋ. ಯಾರ ಮನೆಯಲ್ಲಾದರೂ ಈ ಪುಟ ತೆರೆದಿದ್ದರೆ ದಯಮಾಡಿ ತಿದ್ದಿಕೊಳ್ಳಬೇಕು.

'ಖಂಡ'ವೂ ಸುಮ್ಮನೆ ಕೂರಲಿಲ್ಲ. ಪಾರಸಿಯಲ್ಲಿ 'ಕಂದ್' ಆಗಿ, ಅರಬ್ಬಿಯ ದಾರಿಯಿಂದ ಫ್ರೆಂಚಿಗೆ ಹೋಗಿ, ಇಂಗ್ಲಿಷಿನಲ್ಲಿ 'ಕ್ಯಾಂಡಿ'ಯಾಗಿ ಮಕ್ಕಳ ಜೇಬು ಸೇರಿತು. ತಮಿಳಿನವರು ಅದಕ್ಕೆ ಕಲ್ಲನ್ನು ಕೂಡಿಸಿ 'ಕಱ್ಕಂಡು' ಎಂದರು. ನಮ್ಮ 'ಕಲ್ಲುಸಕ್ಕರೆ' ಎಂಬ ಮಾತನ್ನು ಬಿಡಿಸಿ ನೋಡಿ: ಕಲ್ಲು ಎಂದರೂ ಕಲ್ಲು, ಮೂಲಾರ್ಥದಲ್ಲಿ ಸಕ್ಕರೆ ಎಂದರೂ ಕಲ್ಲು. ನಡುಮಧ್ಯ, ಗೇಟುಬಾಗಿಲು ಎಂಬಂಥ ಜೋಡಿಯಿದು. ಪುರಂದರದಾಸರು ಕಲ್ಲುಸಕ್ಕರೆ ಮಾರುವವರಂತೆ ಹರಿನಾಮವನ್ನು ಬೀದಿಯಲ್ಲಿ ಕೂಗಿದ ಕೀರ್ತನೆಯನ್ನು ಬಾನುಲಿಯಲ್ಲಿ ಕೇಳದವರಿಲ್ಲ. ಆ ಹಾಡು ಬಂದಾಗಲೆಲ್ಲ ನನಗೆ ಈ ಇಮ್ಮಡಿ ಕಲ್ಲಿನ ನೆನಪಾಗಿ ನಗು ಬರುತ್ತದೆ. ದಾಸರು ಮನ್ನಿಸಬೇಕು.

ನಮ್ಮ ಪಶ್ಚಿಮ ಕರಾವಳಿಯಿಂದಲೂ ಒಂದು ಹಡಗು ಹೊರಟಿತು. ಮಲೆಯಾಳದವರು 'ಚಕ್ಕರ' ಎಂದದ್ದನ್ನು ಪೋರ್ಚುಗೀಸರು 'ಜಾಗರ' ಎಂದು ಕೇಳಿಸಿಕೊಂಡರು. ಇಂಗ್ಲಿಷರು ಅದನ್ನು 'ಜಾಗರಿ' ಮಾಡಿದರು. ಕೆಲವು ಹಳೆಯ ಇಂಗ್ಲಿಷ್ ನಿಘಂಟುಗಳು ಕನ್ನಡದ ಕಡೆಗೂ ಬೆರಳು ತೋರಿಸಿದ್ದುಂಟು. ಆದರೆ ಚಕಾರದಿಂದ ಜಕಾರಕ್ಕೆ ಹೋಗುವುದು ಸುಲಭವಾದ್ದರಿಂದ ನಾನು ಮಲೆಯಾಳಿಗಳಿಗೇ ಬಿಟ್ಟುಕೊಡುತ್ತೇನೆ. ವಿಚಿತ್ರವೆಂದರೆ ಷುಗರ್, ಜಾಗರಿ ಎರಡೂ ಒಂದೇ ತಾಯಿಯ ಮಕ್ಕಳು, ಬೇರೆಬೇರೆ ಹಡಗುಗಳಲ್ಲಿ ಹೋಗಿ ಒಂದೇ ಊರಿನಲ್ಲಿ ಇಳಿದು ಪರಸ್ಪರ ಗುರುತು ಹಿಡಿಯದವು. ಬೆಲ್ಲ ಎಂಬ ನಮ್ಮ ಸ್ವಂತ ಮಾತು ಮಾತ್ರ ತೆಲುಗಿನ ಬೆಲ್ಲಮು, ತಮಿಳಿನ ವೆಲ್ಲಂ ಎಂಬ ದಾಯಾದಿಗಳ ನಡುವೆ ಮನೆಯಲ್ಲಿಯೇ ಉಳಿಯಿತು.

ಮುಂದಿನ ಭಾಗವನ್ನು ಸಿಹಿಯಾಗಿ ಹೇಳಲು ಬರುವುದಿಲ್ಲ. ಕೊಲಂಬಸನು 1493ರ ತನ್ನ ಎರಡನೆಯ ಯಾನದಲ್ಲಿ ಕಬ್ಬಿನ ಬೀಜದ ತುಂಡುಗಳನ್ನು ಅಟ್ಲಾಂಟಿಕ್ ದಾಟಿಸಿದ. ಆ ದ್ವೀಪಗಳಲ್ಲಿ ಕಬ್ಬು ಹುಲುಸಾಗಿ ಬೆಳೆಯಿತು, ಕಡಿಯುವ ಕೈ ಸಾಲದಾಯಿತು. ಮುಂದಿನ ಶತಮಾನಗಳಲ್ಲಿ ಆಫ್ರಿಕದಿಂದ ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟವರ ಸಂಖ್ಯೆ ಸುಮಾರು 1 ಕೋಟಿ 25 ಲಕ್ಷವೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಬಹುಪಾಲು ಜನರ ಗತಿ ಕಬ್ಬಿನ ತೋಟವೇ. ಹಿಂದೆ ವೈದ್ಯನ ಪೆಟ್ಟಿಗೆಯಲ್ಲಿದ್ದ ಹರಳು ಯೂರೋಪಿನ ಪ್ರತಿಯೊಂದು ಮನೆಯ ಬಟ್ಟಲಿಗೆ ಇಳಿದದ್ದು ಆ ಜನರ ಬೆನ್ನ ಮೇಲೆ.

ಬ್ರಿಟಿಷರ ಸಾಮ್ರಾಜ್ಯದಲ್ಲಿ 1833ರ ಕಾನೂನು ಗುಲಾಮಗಿರಿಯನ್ನು ರದ್ದುಗೊಳಿಸಿದಾಗ ತೋಟದ ಒಡೆಯರ ಕಣ್ಣು ನಮ್ಮ ದೇಶದ ಮೇಲೆ ಬಿತ್ತು. 1834ರಿಂದ ಮಾರಿಷಸ್ಸಿಗೆ, 1838ರಿಂದ ಬ್ರಿಟಿಷ್ ಗಯಾನಕ್ಕೆ, 1860ರಿಂದ ನೇಟಾಲಿಗೆ, 1879ರಿಂದ ಫೀಜಿಗೆ ಬಿಹಾರದವರು, ತಮಿಳರು, ತೆಲುಗರು ಕರಾರು ಕೂಲಿಗಳಾಗಿ ಹೋದರು. ಕಬ್ಬು ಹೊರಟ ನೆಲದಿಂದಲೇ ಕಬ್ಬು ಕಡಿಯುವವರೂ ಹೊರಟರು. ಅವರು ಹೆಬ್ಬೆಟ್ಟು ಒತ್ತಿದ ಕಾಗದಕ್ಕೆ ಇಂಗ್ಲಿಷಿನಲ್ಲಿ 'ಅಗ್ರಿಮೆಂಟ್' ಎಂದು ಹೆಸರು. ಓದುಬಾರದ ಅವರ ಬಾಯಲ್ಲಿ ಅದು 'ಗಿರ್ಮಿಟ್' ಆಯಿತು, ತಾವು 'ಗಿರ್ಮಿಟಿಯಾ'ಗಳಾದರು. ನೇಟಾಲಿನಲ್ಲಿ ಅವರ ಪರವಾಗಿ ನಿಂತ ಗಾಂಧೀಜಿ ತಾವೂ ಆ ಮಾತನ್ನು ಬಳಸಿದರು. ಆ ಪದ್ಧತಿ ನಿಲ್ಲುವ ಹೊತ್ತಿಗೆ ಇಪ್ಪತ್ತನೆಯ ಶತಮಾನದ ಎರಡನೆಯ ದಶಕವೇ ಮುಗಿಯುತ್ತ ಬಂದಿತ್ತು. ಕರಾರಿನ ಪತ್ರಗಳು ಈಗ ದಫ್ತರದ ಕಪಾಟಿನಲ್ಲಿವೆ. ಅವರ ಸಂತತಿಯವರು ತಮ್ಮ ಅಜ್ಜಂದಿರ ಕಥೆ ಹೇಳುವಾಗ ಹೇಳುವುದು ಅಗ್ರಿಮೆಂಟ್ ಎಂದಲ್ಲ, ಗಿರ್ಮಿಟ್ ಎಂದೇ. ಇಂಗ್ಲಿಷ್ ವ್ಯಾಕರಣದ ಮೇಷ್ಟ್ರು ಯಾರಾದರೂ ಅದಕ್ಕೆ ಕೆಂಪುಗೆರೆ ಹೊಡೆದಿದ್ದರೆ ಆ ಜನರ ಚರಿತ್ರೆಗೇ ಹೊಡೆದಂತಾಗುತ್ತಿತ್ತು.

ನನ್ನ ಗೆರೆಯ ವಿಷಯ ಹೇಳುವುದು ಉಳಿದಿದೆ. ಆಲೆಮನೆಯಿಂದ ಬಂದ ಮಾರನೆಯ ದಿನ ಆ ಹುಡುಗನ ಪುಸ್ತಕ ತರಿಸಿಕೊಂಡೆ. ಬರೆದ ಮಸಿ ಅಳಿಸುವುದಿಲ್ಲ. ಆದುದರಿಂದ ನನ್ನ 'ಶರ್ಕರೆ'ಗಳನ್ನೆಲ್ಲ ಹೊಡೆದುಹಾಕಿ 'ಸಕ್ಕರೆ' ಎಂದು ಬರೆದು, ಕೆಳಗೆ “ನಿನ್ನ ಮಾತೂ ಸರಿ, ಬರೆಯುವಾಗ ಒಂದು ಒತ್ತು ಮರೆಯಬೇಡ” ಎಂದು ಸೇರಿಸಿದೆ. ಅವನು ಓದಿದ. ಏನೂ ಹೇಳಲಿಲ್ಲ. ಮಧ್ಯಾಹ್ನ ನನ್ನ ಮೇಜಿನ ಮೇಲೆ ಮುತ್ತುಗದ ಎಲೆಯಲ್ಲಿ ಕಟ್ಟಿದ ಒಂದು ಹೋಳು ಬೆಲ್ಲವಿತ್ತು. ಬಾಯಿಗೆ ಹಾಕಿಕೊಂಡೆ, ಮರಳು ಮರಳಾಗಿತ್ತು.